ಅನುಭವ ನಮ್ಮದು, ಕರಡು ಅವರದು: ಜಾಗತಿಕ ಆರೋಗ್ಯ ನೀತಿಯ ಒಂದು ತರಗತಿಯಿಂದ

‘ಗ್ಲೋಬಲ್ ಹೆಲ್ತ್ ಪಾಲಿಸಿ’ ಓದ್ತಿದ್ದೀನಿ ಅಂದ್ರೆ ನಮ್ಮ ಕಡೆ ಮೊದಲು ಬರೋ ಪ್ರಶ್ನೆ, ‘ಅಂದ್ರೆ ಡಾಕ್ಟರಾ?’ ಅಲ್ಲ. ಇಲ್ಲಿ ರೋಗಿಗಳನ್ನು ನೋಡೋದಿಲ್ಲ. ಲಸಿಕೆ ಯಾವ ದೇಶಕ್ಕೆ ಮೊದಲು ಸಿಗಬೇಕು, ಔಷಧದ ಪೇಟೆಂಟ್ ಯಾರ ಕೈಯಲ್ಲಿರಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಖರ್ಚು ಯಾರು ಕೊಡಬೇಕು, ಇಂಥದ್ದನ್ನು ಓದೋದು. ಅಂದರೆ ಹೆಸರಿನಲ್ಲಿ ಆರೋಗ್ಯ ಇದೆ, ಒಳಗೆ ಪೂರ್ತಿ ರಾಜಕೀಯ.

ಲಂಡನ್ನಿನಲ್ಲಿ ನಾನು ಓದುತ್ತಿರುವ ಒಂದು ವರ್ಷದ ಈ ಕೋರ್ಸಿನಲ್ಲಿ ಉಪನ್ಯಾಸಗಳಿಗಿಂತ ಹೆಚ್ಚು ಹೊತ್ತು ಹೋಗೋದು ಗ್ರೂಪ್ ವರ್ಕಿಗೆ. ಬೇರೆ ಬೇರೆ ದೇಶಗಳ ಐದು ಜನರನ್ನು ಒಂದು ತಂಡ ಮಾಡುತ್ತಾರೆ. ನೀತಿ ಪತ್ರ ಬರೆಸುತ್ತಾರೆ, ಅಣಕು ಮಾತುಕತೆ ನಡೆಸುತ್ತಾರೆ, ಎಲ್ಲರಿಗೂ ಸೇರಿಸಿ ಒಂದೇ ಅಂಕ ಕೊಡುತ್ತಾರೆ. ಕಾಲೇಜುಗಳ ಬ್ರೋಷರುಗಳಲ್ಲಿ ಇದನ್ನು ವೈವಿಧ್ಯ ಅಂತ ಹೊಗಳಿರುತ್ತಾರೆ. ಆದರೆ ತಂಡದ ಐದು ಕುರ್ಚಿಗಳ ನಡುವೆ ಏನು ನಡೆಯುತ್ತೋ ಅದೇ ಜಿನೀವಾದಲ್ಲಿ ದೇಶಗಳ ನಡುವೆಯೂ ನಡೆಯುತ್ತೆ ಅನ್ನೋದನ್ನು ಯಾವ ಬ್ರೋಷರೂ ಹೇಳೋದಿಲ್ಲ. ಆ ಹೋಲಿಕೆಯನ್ನು ವಿವರಿಸೋದಕ್ಕೇ ಈ ಬರಹ.

ಜಗಳ ಯಾವುದರ ಬಗ್ಗೆ?

2025ರ ಮೇ 20ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಪ್ಯಾಂಡೆಮಿಕ್ ಒಪ್ಪಂದವನ್ನು ಅಂಗೀಕರಿಸಿತು. ಹಿಂದಿನ ದಿನ ಸಮಿತಿಯಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 124 ದೇಶಗಳು, ತಟಸ್ಥ 11, ವಿರೋಧ ಸೊನ್ನೆ. ಕೋವಿಡ್ ಸಮಯದಲ್ಲಿ ಶ್ರೀಮಂತ ದೇಶಗಳು ಲಸಿಕೆಯನ್ನು ಬಾಚಿಕೊಂಡಂತೆ ಇನ್ನೊಮ್ಮೆ ಆಗಬಾರದು ಅನ್ನೋದು ಅದರ ಉದ್ದೇಶ. ಮೂರು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆದಿತ್ತು. ಆದರೂ ಅತ್ಯಂತ ಕಷ್ಟದ ಭಾಗವನ್ನು ಮಾತ್ರ ಅನುಬಂಧ ಮಾಡಿ ಮುಂದಕ್ಕೆ ತಳ್ಳಿದರು. ಆ ಅನುಬಂಧ ಅಂಗೀಕಾರವಾಗದೆ ಒಪ್ಪಂದ ಸಹಿಗೆ ತೆರೆಯೋದಿಲ್ಲ. ಆಮೇಲೂ 60 ದೇಶಗಳು ಅನುಮೋದಿಸಬೇಕು.

ಅನುಬಂಧದ ವಿಷಯ ಸರಳವಾಗಿ ಹೇಳೋದಾದರೆ ಇಷ್ಟು. ನಿಮ್ಮ ದೇಶದಲ್ಲಿ ಹೊಸ ರೋಗಾಣು ಕಾಣಿಸಿಕೊಂಡರೆ ಅದರ ಸ್ಯಾಂಪಲ್ಲನ್ನೂ ಜೀನ್ ಸರಣಿಯ ಮಾಹಿತಿಯನ್ನೂ ಬೇಗ ಜಗತ್ತಿಗೆ ಕೊಡಬೇಕು. ಅದನ್ನು ಬಳಸಿ ಲಸಿಕೆ, ಔಷಧ, ಟೆಸ್ಟ್ ಕಿಟ್ ಮಾಡುವ ಕಂಪನಿಗಳು ಬದಲಿಗೆ ಏನಾದರೂ ಕೊಡಬೇಕು. ಒಪ್ಪಂದದಲ್ಲಿರುವ ಲೆಕ್ಕ ಹೀಗಿದೆ: ಪ್ಯಾಂಡೆಮಿಕ್ ತುರ್ತುಸ್ಥಿತಿಯಲ್ಲಿ, ಈ ವ್ಯವಸ್ಥೆಗೆ ಸೇರಿದ ಕಂಪನಿಗಳು ತಮ್ಮ ಉತ್ಪಾದನೆಯ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಒದಗಿಸುವ ಗುರಿ ಇಟ್ಟುಕೊಳ್ಳಬೇಕು. ಉತ್ಪಾದನೆಯ ಕನಿಷ್ಠ ಶೇ 10 ಉಚಿತ, ಉಳಿದದ್ದು ಕೈಗೆಟುಕುವ ಬೆಲೆಗೆ. ಯಾವ ಕಂಪನಿ, ಯಾವ ಷರತ್ತು, ತಪ್ಪಿದರೆ ಏನು ಅನ್ನೋದೆಲ್ಲ ಅನುಬಂಧಕ್ಕೆ ಬಿಟ್ಟದ್ದು. ನಮ್ಮ ತರಗತಿಗೆ ಕೊಟ್ಟ ಅಣಕು ಮಾತುಕತೆ ಇದರ ಬಗ್ಗೆಯೇ.

ಈ ಜಗಳ ಹಳೆಯದು. 2007ರಲ್ಲಿ ಇಂಡೋನೇಷ್ಯಾ ತನ್ನ ಹಕ್ಕಿಜ್ವರದ ಸ್ಯಾಂಪಲ್ ಕೊಡೋದನ್ನು ನಿಲ್ಲಿಸಿತ್ತು. ತಮ್ಮ ರೋಗಿಗಳಿಂದ ತೆಗೆದ ವೈರಸ್ ಬಳಸಿ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ತಯಾರಿಸುತ್ತಿದೆ, ಅದನ್ನು ಕೊಳ್ಳುವ ಶಕ್ತಿ ನಮಗೇ ಇಲ್ಲ ಅಂತ ಆಗಿನ ಆರೋಗ್ಯ ಸಚಿವೆ ಸಿತಿ ಫದಿಲಾ ಸುಪಾರಿ ಪಟ್ಟು ಹಿಡಿದರು. ಪಶ್ಚಿಮದ ಪತ್ರಿಕೆಗಳು ಇಡೀ ಜಗತ್ತಿಗೆ ಅಪಾಯ ಅಂತ ಬೈದವು. ಆದರೆ ಆ ಹಟದಿಂದಲೇ 2011ರಲ್ಲಿ ಇನ್‌ಫ್ಲುಯೆಂಜಾ ವೈರಸ್‌ಗಳಿಗೆ ಒಂದು ಹಂಚಿಕೆಯ ಚೌಕಟ್ಟು ಬಂತು. ಕಂಪನಿಗಳು ವರ್ಷಕ್ಕೆ 2.8 ಕೋಟಿ ಡಾಲರ್ ವಂತಿಗೆ ಕೊಡುವ ವ್ಯವಸ್ಥೆಯೂ ಅದರಲ್ಲಿದೆ.

ಇವತ್ತು ಆ ಪಟ್ಟು ನಡೆಯೋದಿಲ್ಲ. ಯಾಕೆ? ಚೀನಾದ ವಿಜ್ಞಾನಿಗಳು ಕೊರೊನಾ ವೈರಸ್ಸಿನ ಜೀನ್ ಸರಣಿಯನ್ನು 2020ರ ಜನವರಿ 11ರ ಹೊತ್ತಿಗೆ ಇಂಟರ್ನೆಟ್ಟಿಗೆ ಹಾಕಿದರು. ಜನವರಿ 13ಕ್ಕೆ ಮಾಡೆರ್ನಾ ಲಸಿಕೆಯ ವಿನ್ಯಾಸ ಅಂತಿಮವಾಗಿತ್ತು. ಐಸ್ ಡಬ್ಬಿಯಲ್ಲಿ ವೈರಸ್ ಸಾಗಿಸೋ ಅಗತ್ಯವೇ ಬರಲಿಲ್ಲ, ಅಕ್ಷರಗಳ ಒಂದು ಫೈಲ್ ಸಾಕಾಯಿತು. ಸ್ಯಾಂಪಲ್ ಕೊಡಲ್ಲ ಅಂತ ತಡೆಯಬಹುದು, ಫೈಲನ್ನು ಹೇಗೆ ತಡೀತೀರಿ? ಹಾಗಾಗಿ ಈಗಿನ ತಕರಾರು ಪೂರ್ತಿ ಈ ಮಾಹಿತಿಯ ಮೇಲಿದೆ: ಡೇಟಾಬೇಸಿಗೆ ಬರೋರು ಹೆಸರು ನೋಂದಾಯಿಸಬೇಕೋ ಬೇಡವೋ, ಷರತ್ತಿಗೆ ಸಹಿ ಹಾಕಬೇಕೋ ಬೇಡವೋ.

ಮಾಹಿತಿ ಬೇಗ ಕೊಟ್ಟವರಿಗೆ ಏನು ಸಿಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಓಮಿಕ್ರಾನ್ ಬಗ್ಗೆ ಎಚ್ಚರಿಸಿತು. ಅದಕ್ಕೆ ಸಿಕ್ಕ ಬಹುಮಾನ, ಒಂದೆರಡು ದಿನದಲ್ಲೇ ವಿಮಾನಗಳ ನಿಷೇಧ.

ಐದು ಕುರ್ಚಿ

ನಮ್ಮ ತಂಡದಲ್ಲಿ ಘಾನಾದ ಒಬ್ಬ ನರ್ಸ್ ಇದ್ದರು. ಹದಿನಾಲ್ಕು ವರ್ಷ ವಾರ್ಡಿನಲ್ಲಿ ದುಡಿದವರು, ನಾನು ಮನಸ್ಸಿನಲ್ಲೇ ಅವರನ್ನು ಅಕ್ಕ ಅಂತಿದ್ದೆ. ಇಂಡೋನೇಷ್ಯಾದ ಸರ್ಕಾರಿ ಸಾಂಕ್ರಾಮಿಕ ರೋಗ ಅಧಿಕಾರಿ ಒಬ್ಬರು, ಅರ್ಥಶಾಸ್ತ್ರ ಓದಿದ ಜರ್ಮನಿಯ ಹುಡುಗ, ರಾಜ್ಯಶಾಸ್ತ್ರದ ಡಿಗ್ರಿ ಮುಗಿಸಿ ನೇರ ಬಂದ ಇಂಗ್ಲೆಂಡಿನ ಇಪ್ಪತ್ತಮೂರರ ಹುಡುಗಿ. ಜೊತೆಗೆ ಸಾಗರ ತಾಲೂಕಿನ ನಾನು. ಅಣಕು ಮಾತುಕತೆಯಲ್ಲಿ ನಮಗೆ ಬಂದ ಪಾತ್ರ ಯುರೋಪಿಯನ್ ಒಕ್ಕೂಟ. ನಮ್ಮ ನಮ್ಮ ದೇಶವನ್ನು ನಮಗೇ ಕೊಡೋದಿಲ್ಲ, ಅದು ನಿಯಮ. ಭಾರತದ ಪಾತ್ರ ನಾರ್ವೆ, ನೈಜೀರಿಯಾ, ಕೊಲಂಬಿಯಾದವರಿದ್ದ ತಂಡಕ್ಕೆ ಹೋಯಿತು.

ಮೊದಲ ಮೀಟಿಂಗ್ ಮುಗಿದ ರಾತ್ರಿಯೇ ಗೂಗಲ್ ಡಾಕ್‌ನಲ್ಲಿ ನಾಲ್ಕು ಪುಟ ತಯಾರಾಗಿ ಕೂತಿತ್ತು. ಜರ್ಮನಿಯ ಹುಡುಗ, ಇಂಗ್ಲೆಂಡಿನ ಹುಡುಗಿ ಸೇರಿ ಬರೆದದ್ದು. ಚೆನ್ನಾಗಿಯೇ ಇತ್ತು. ಪೀಠಿಕೆ, ವಾದದ ಚೌಕಟ್ಟು, ಶಿಫಾರಸು ಎಲ್ಲವೂ ಇತ್ತು. ನಡುನಡುವೆ ಹಳದಿ ಬಣ್ಣ ಬಳಿದ ಖಾಲಿ ಜಾಗಗಳು: ‘ಇಲ್ಲಿ ಘಾನಾದ ಉದಾಹರಣೆ’, ‘ಇಲ್ಲಿ ಇಂಡೋನೇಷ್ಯಾ ಅನುಭವ’, ‘ಭಾರತ: ಆಶಾ?’

ಇದರಲ್ಲಿ ದುರುದ್ದೇಶ ಏನೂ ಇರಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಇಬ್ಬರೂ ಒಳ್ಳೆಯವರು, ಕೆಲಸಗಳ್ಳರಲ್ಲ. ಇಂಗ್ಲಿಷಿನಲ್ಲಿ ಯೋಚಿಸೋರಿಗೆ ಇಂಗ್ಲಿಷಿನಲ್ಲಿ ಬರೆಯೋಕೆ ಒಂದು ಗಂಟೆ ಸಾಕು, ಮೂರನೇ ಭಾಷೆಯಾಗಿ ಕಲಿತವರಿಗೆ ಮೂರು ಗಂಟೆ ಬೇಕು. ಗಡುವು ಮಾತ್ರ ಇಬ್ಬರಿಗೂ ಒಂದೇ. ಆದರೆ ಫಲಿತಾಂಶ ನೋಡಿ. ವಾದ ಕಟ್ಟಿದ್ದು ಉತ್ತರದ ಇಬ್ಬರು. ಅದಕ್ಕೆ ಸಾಕ್ಷಿ ಒದಗಿಸೋ ಕೆಲಸ ದಕ್ಷಿಣದ ಮೂವರಿಗೆ. ಸ್ಯಾಂಪಲ್ ನೀವು ಕೊಡಿ, ಲಸಿಕೆ ನಾವು ಮಾಡ್ತೀವಿ ಅನ್ನೋದೇ ಇಲ್ಲಿ ಬೇರೆ ರೂಪದಲ್ಲಿ ಬಂದಿತ್ತು.

ಇದಕ್ಕೆ ಕಾಲೇಜಿನ ಬಳಿ ಒಂದು ಔಷಧ ಇದೆ. ‘ಸಂಸ್ಕೃತಿಗಳ ನಡುವೆ ಸಂವಹನ’ ಅಂತ ಎರಡು ಗಂಟೆಯ ಕಾರ್ಯಾಗಾರ. ಅಲ್ಲಿ ಗೀರ್ಟ್ ಹಾಫ್‌ಸ್ಟೆಡ್ ಅನ್ನೋ ಡಚ್ ಸಾಮಾಜಿಕ ಮನಃಶಾಸ್ತ್ರಜ್ಞರ ಚಾರ್ಟ್ ತೋರಿಸುತ್ತಾರೆ. ಯಾವ ದೇಶದವರು ಮೇಲಿನವರಿಗೆ ಎಷ್ಟು ತಗ್ಗುತ್ತಾರೆ, ಯಾರು ವ್ಯಕ್ತಿವಾದಿಗಳು, ಯಾರು ಸಮೂಹವಾದಿಗಳು ಅಂತ ದೇಶಕ್ಕೊಂದು ಅಂಕ. ಮೂಲ ಮಾಹಿತಿ ಎಲ್ಲಿಂದ ಬಂದದ್ದು ಗೊತ್ತಾ? 1960ರ ದಶಕದ ಕೊನೆ ಮತ್ತು 70ರ ಆರಂಭದಲ್ಲಿ ಐಬಿಎಂ ಕಂಪನಿಯ ನೌಕರರನ್ನು ಕೇಳಿ ತುಂಬಿಸಿದ ಪ್ರಶ್ನಾವಳಿಗಳಿಂದ. ಒಂದು ಅಮೆರಿಕನ್ ಕಂಪನಿಯ ಆಫೀಸಿನಲ್ಲಿ ಕೂತಿದ್ದ ಭಾರತೀಯರಿಂದ ಹಾವೇರಿಯ ಬೀಡಿ ಕಾರ್ಮಿಕಳ ಬಗ್ಗೆ, ಕೋಲಾರದ ದಲಿತ ವಿದ್ಯಾರ್ಥಿಯ ಬಗ್ಗೆ ಏನು ತಿಳಿಯುತ್ತೆ? ನನಗಂತೂ ಆ ಚಾರ್ಟ್ ಜಾತಕ ನೋಡಿದಂತೆಯೇ ಅನ್ನಿಸಿತು.

ಸಂಸ್ಕೃತಿಯ ವ್ಯತ್ಯಾಸವೇ ಇಲ್ಲ ಅಂತಲ್ಲ. ಇಂಡೋನೇಷ್ಯಾದ ಗೆಳೆಯರಿಗೆ ಏನಾದರೂ ಒಪ್ಪಿಗೆ ಇಲ್ಲದಿದ್ದರೆ ‘ನೋಡೋಣ, ಯೋಚಿಸೋಣ’ ಅನ್ನೋರು. ಜರ್ಮನಿಯ ಹುಡುಗ ಅದನ್ನು ಅರ್ಧ ಒಪ್ಪಿಗೆ ಅಂತ ಬರೆದುಕೊಳ್ಳೋನು. ‘ನೋಡೋಣ ಬಿಡಿ’ ಅಂದರೆ ಏನರ್ಥ ಅಂತ ನಮಗೆ ಯಾರಾದರೂ ಕಲಿಸಬೇಕಾ? ಮಗಳ ಮದುವೆ ಮಾತಿನಿಂದ ಹಿಡಿದು ಗ್ರಾಮ ಪಂಚಾಯ್ತಿ ಅರ್ಜಿಯವರೆಗೆ ಅದರ ಅರ್ಥ ಒಂದೇ! ಆದರೆ ಇಂಥದ್ದು ಎರಡು ವಾರದಲ್ಲಿ ಒಬ್ಬರಿಗೊಬ್ಬರು ಅರ್ಥವಾಗಿಬಿಡುತ್ತೆ. ಕರಡು ಯಾರ ಕೈಯಲ್ಲಿದೆ ಅನ್ನೋದು ಮಾತ್ರ ತಾನಾಗಿ ಬದಲಾಗೋದಿಲ್ಲ. ಎಲ್ಲದಕ್ಕೂ ಸಂಸ್ಕೃತಿ ಅಂತ ಹೆಸರಿಟ್ಟರೆ ಅಧಿಕಾರದ ಬಗ್ಗೆ ಮಾತಾಡೋದೇ ಬೇಡವಾಗುತ್ತೆ.

ಬದಲಾವಣೆ ಬಂದದ್ದು ಘಾನಾದ ಅಕ್ಕನಿಂದ. ಎರಡನೇ ಮೀಟಿಂಗಿನಲ್ಲಿ ಅವರು ಹಳದಿ ಜಾಗ ತುಂಬಲಿಲ್ಲ. ‘ನಾನು ಉದಾಹರಣೆ ಕೊಡಲ್ಲ, ಮೂರನೇ ವಿಧಿ ಬರೀತೀನಿ’ ಅಂದರು. ಆಮೇಲೆ ಇಂಡೋನೇಷ್ಯಾದವರು ಒಂದು ಕ್ರಮ ಸೂಚಿಸಿದರು: ಚರ್ಚೆಗೆ ಮೊದಲು ಹದಿನೈದು ನಿಮಿಷ ಎಲ್ಲರೂ ಮಾತಿಲ್ಲದೆ ತಮ್ಮ ನಿಲುವು ಬರೆಯೋದು, ಪ್ರತಿ ವಿಧಿಗೂ ಬೇರೆ ಬೇರೆಯವರು ಕರಡುಗಾರರು, ಇಂಗ್ಲಿಷ್ ತಿದ್ದೋ ಕೆಲಸ ಕೊನೆಗೆ, ತಿದ್ದೋರು ಅರ್ಥ ಬದಲಿಸುವಂತಿಲ್ಲ. ಕೆಲಸ ನಿಧಾನವಾಯಿತು. ಇಂಗ್ಲೆಂಡಿನ ಹುಡುಗಿಗೆ ಮೊದಮೊದಲು ಸಿಟ್ಟೂ ಬಂತು, ಅಂಕ ಹೋಗುತ್ತೆ ಅಂತ. ಅವಳ ಆತಂಕ ಸುಳ್ಳೇನಲ್ಲ, ಅವಳೂ ಸಾಲ ಮಾಡಿಯೇ ಓದುತ್ತಿದ್ದಾಳೆ.

‘ತಕ್ಕದ್ದು’ ಮತ್ತು ‘ಬಹುದು’

ಅಂತರರಾಷ್ಟ್ರೀಯ ಮಾತುಕತೆಯಲ್ಲಿ ಒಪ್ಪಿಗೆಯಾಗದ ಪದಗಳನ್ನು ಚೌಕ ಆವರಣದೊಳಗೆ ಹಾಕುತ್ತಾರೆ. ಒಂದು ಸಾಲಿನಲ್ಲಿ ನಾಲ್ಕು ದೇಶಗಳ ನಾಲ್ಕು ಪದಗಳು ನಾಲ್ಕು ಆವರಣಗಳಲ್ಲಿ ಕೂತಿರುತ್ತವೆ. ಮಾತುಕತೆ ಅಂದರೆ ಒಂದೊಂದಾಗಿ ಆ ಆವರಣಗಳನ್ನು ತೆಗೆಯೋದು. ಹೊರಗಿನಿಂದ ನೋಡಿದರೆ ಬೋರು ಹೊಡೆಸುತ್ತೆ. ಆದರೆ ಕನ್ನಡದಲ್ಲಿ ಸರ್ಕಾರಿ ಆದೇಶ ಓದಿದವರಿಗೆ ಇದರ ಮಹತ್ವ ಬೇಗ ಹೊಳೆಯುತ್ತೆ. ‘ಒದಗಿಸತಕ್ಕದ್ದು’ ಅಂತ ಇದ್ದರೆ ಕೋರ್ಟಿಗೆ ಹೋಗಬಹುದು. ‘ಒದಗಿಸಬಹುದು’ ಅಂತ ಇದ್ದರೆ ಕಚೇರಿಯ ಬಾಗಿಲಲ್ಲಿ ಕಾಯಬೇಕು.

ಪ್ಯಾಂಡೆಮಿಕ್ ಒಪ್ಪಂದದಲ್ಲಿ ತಂತ್ರಜ್ಞಾನ ವರ್ಗಾವಣೆಯ ವಿಧಿ ಸಿಕ್ಕಿಹಾಕಿಕೊಂಡಿದ್ದು ಇಂಥದ್ದರಲ್ಲೇ. ಬಡ ದೇಶಗಳಲ್ಲೂ ಲಸಿಕೆ ತಯಾರಾಗಲಿ ಅಂತ ವಿಧಿ ಹೇಳುತ್ತೆ, ಆದರೆ ‘ಪರಸ್ಪರ ಒಪ್ಪಿದಂತೆ’. ಅದಕ್ಕೊಂದು ಅಡಿಟಿಪ್ಪಣಿ: ಒಪ್ಪಿದಂತೆ ಅಂದರೆ ಸ್ವಇಚ್ಛೆಯಿಂದ ಕೈಗೊಂಡದ್ದು. ಅಂದರೆ ಕಂಪನಿಗೆ ಮನಸ್ಸಿಲ್ಲದಿದ್ದರೆ ಇಲ್ಲ. ಇದೇ ನಿಲುವನ್ನು ನಾವು ಅಣಕು ಸಭೆಯಲ್ಲಿ ಸಮರ್ಥಿಸಬೇಕಿತ್ತು. ಪೇಟೆಂಟ್ ಸಡಿಲಿಸಿ ಅಂತ 2020ರ ಅಕ್ಟೋಬರಿನಲ್ಲಿ ಭಾರತ, ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಳಿದಾಗ ಯುರೋಪ್ ಆಡಿದ ಮಾತುಗಳನ್ನೇ ಸಾಗರದ ಬಾಯಿಂದ ಆಡಿಸೋದು!

ಈ ಪಾತ್ರ ಬದಲಾವಣೆ ಕಣ್ಣು ತೆರೆಸುತ್ತೆ. ಎದುರಾಳಿಯ ವಾದದಲ್ಲಿ ತಿರುಳಿದೆ ಅನ್ನೋದು ಗೊತ್ತಾಗುತ್ತೆ. ಷರತ್ತು ಬಿಗಿಯಾದರೆ ಕಂಪನಿಗಳು ವ್ಯವಸ್ಥೆಗೆ ಸೇರೋದೇ ಇಲ್ಲ, ಆಗ ಶೇ 20 ಅನ್ನೋದು ಸೊನ್ನೆಯ ಶೇ 20 ಆಗುತ್ತೆ. ಇದಕ್ಕೆ ದಕ್ಷಿಣದ ದೇಶಗಳ ಉತ್ತರ ಏನು ಅಂತ ಘೋಷಣೆ ಬಿಟ್ಟು ಯೋಚಿಸಬೇಕಾಗುತ್ತೆ.

ಇನ್ನೊಂದು ಕಡೆಯೂ ಕಣ್ಣು ತೆರೆಯಿತು. ನಾವು ಭಾರತೀಯರು ಇಂಥ ತರಗತಿಗಳಲ್ಲಿ ‘ಜಗತ್ತಿನ ಔಷಧಾಲಯ’ ಅಂತ ಎದೆಯುಬ್ಬಿಸಿ ಕೂರ್ತೀವಿ. 2001ರಲ್ಲಿ ಸಿಪ್ಲಾ ಎಚ್‌ಐವಿ ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ ಕೊಡ್ತೀನಿ ಅಂದಿದ್ದು ನಿಜ, ಅದು ಆಫ್ರಿಕಾದಲ್ಲಿ ಜೀವ ಉಳಿಸಿದ್ದೂ ನಿಜ. ಆದರೆ ಘಾನಾದ ಅಕ್ಕನ ನೆನಪು ಬೇರೆ. ಕೋವ್ಯಾಕ್ಸ್ ಯೋಜನೆಯಡಿ ಜಗತ್ತಿನಲ್ಲೇ ಮೊದಲು ಲಸಿಕೆ ತಲುಪಿದ್ದು ಘಾನಾಕ್ಕೆ, 2021ರ ಫೆಬ್ರವರಿ 24ರಂದು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ 6 ಲಕ್ಷ ಡೋಸ್. ಅಕ್ಕ ಅದನ್ನು ತಮ್ಮ ಕೈಯಾರೆ ಜನರಿಗೆ ಚುಚ್ಚಿದವರು. ಮುಂದಿನ ತಿಂಗಳುಗಳಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಿತು, ಭಾರತ ರಫ್ತು ನಿಲ್ಲಿಸಿತು. ಕೋವ್ಯಾಕ್ಸಿಗೆ ಭಾರತದಿಂದ ಮತ್ತೆ ಲಸಿಕೆ ಹೋಗಿದ್ದು ಆ ವರ್ಷದ ನವೆಂಬರಿನಲ್ಲಿ. ‘ಎರಡನೇ ಡೋಸ್ ಯಾವಾಗ ಅಂತ ಕೇಳೋರಿಗೆ ಏನು ಹೇಳಬೇಕು ಅಂತ ನಮಗೆ ಯಾರೂ ಹೇಳಲಿಲ್ಲ’ ಅಂದರು. ಸ್ಮಶಾನದ ಮುಂದೆ ಆಂಬುಲೆನ್ಸ್ ಸಾಲು ನಿಂತಿದ್ದ ಬೆಂಗಳೂರಿನ ಆ ಏಪ್ರಿಲ್ ನನಗೆ ನೆನಪಿತ್ತು, ಹೇಳಿದೆ. ಅವರು ತಲೆಯಾಡಿಸಿದರು. ಇಬ್ಬರ ಮಾತೂ ಸರಿ. ‘ಗ್ಲೋಬಲ್ ಸೌತ್’ ಅನ್ನೋ ಒಂದೇ ಪದದೊಳಗೆ ಈ ಎರಡೂ ಇವೆ.

ಯಾವ ರೋಗಕ್ಕೆ ಒಪ್ಪಂದ?

ನನಗೆ ಬರೆಯೋಕೆ ಬಂದದ್ದು ವ್ಯಾಖ್ಯೆಗಳ ಭಾಗ. ಒಣ ಕೆಲಸ ಅಂತ ಯಾರೂ ಮುಂದೆ ಬಂದಿರಲಿಲ್ಲ. ಈ ವ್ಯವಸ್ಥೆ ‘ಪ್ಯಾಂಡೆಮಿಕ್ ಸಾಧ್ಯತೆ ಇರುವ ರೋಗಾಣು’ಗಳಿಗೆ ಮಾತ್ರ. ಅದನ್ನು ಟೈಪ್ ಮಾಡುವಾಗ ನನಗೆ ನಮ್ಮ ಮಂಗನ ಕಾಯಿಲೆ ನೆನಪಾಯಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಉಣುಗಿನಿಂದ ಹರಡುವ ಹೊಸ ವೈರಸ್ ಅಂತ ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಇವತ್ತು ಜಗತ್ತಿನ ಯಾವ ವೈರಾಣುಶಾಸ್ತ್ರದ ಪುಸ್ತಕ ತೆರೆದರೂ ಕ್ಯಾಸನೂರಿನ ಹೆಸರು ಇರುತ್ತೆ. ಲಂಡನ್ನಿನ ಲೈಬ್ರರಿಯಲ್ಲೂ ಇತ್ತು. ಮೊದಲು ರಷ್ಯಾದ ಬೇರೊಂದು ಮೆದುಳುಜ್ವರದ ಲಸಿಕೆ ಪ್ರಯೋಗಿಸಿದರು, ಕೆಲಸ ಮಾಡಲಿಲ್ಲ. ಆಮೇಲೆ ನಮ್ಮಲ್ಲೇ ಒಂದು ಲಸಿಕೆ ತಯಾರಾಗಿ ದಶಕಗಳ ಕಾಲ ಬಳಕೆಯಲ್ಲಿತ್ತು. ಅದರ ಪರಿಣಾಮ ಸಾಲದು ಅಂತ ಗೊತ್ತಾಗಿ ಅದೂ ನಿಂತಿತು. ಹೊಸ ಲಸಿಕೆಗೆ ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಕೈಜೋಡಿಸಿದೆ. ಅಷ್ಟರಲ್ಲಿ 2019ರಲ್ಲಿ ನಮ್ಮ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ದರಗು ತರಲು, ದನ ಅಟ್ಟಲು ಕಾಡಿಗೆ ಹೋಗೋರು ಈಗಲೂ ಮೈಗೆ ಎಣ್ಣೆ ಹಚ್ಚಿಕೊಂಡೇ ಹೋಗಬೇಕು.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಹಾಗಾಗಿ ಅದು ಪ್ಯಾಂಡೆಮಿಕ್ ಆಗೋ ರೋಗವಲ್ಲ, ಈ ವ್ಯವಸ್ಥೆಯೊಳಗೆ ಬರೋದೂ ಇಲ್ಲ. ವ್ಯಾಖ್ಯೆಯಲ್ಲಿ ತಾಂತ್ರಿಕ ತಪ್ಪೇನೂ ಇಲ್ಲ. ಹೀಥ್ರೂ ವಿಮಾನ ನಿಲ್ದಾಣ ತಲುಪಬಲ್ಲ ರೋಗಕ್ಕೆ ಒಂದು ಒಪ್ಪಂದ, ಸೊರಬ ದಾಟದ ರೋಗಕ್ಕೆ ಎಣ್ಣೆ ಸೀಸೆ, ಅಷ್ಟೇ. ಸ್ಥಳೀಯವಾಗಿ ಮರುಕಳಿಸುವ ರೋಗಗಳ ಸಂಶೋಧನೆಗೂ ಈ ನಿಧಿಯ ಒಂದು ಪಾಲು ಇರಲಿ ಅಂತ ಒಂದು ಉಪವಿಧಿ ಸೇರಿಸಿದೆ. ಯುರೋಪ್ ಇದನ್ನು ಯಾಕೆ ಕೇಳುತ್ತೆ ಅಂತ ಜರ್ಮನಿಯ ಹುಡುಗ ಕೇಳಿದ. ಹವಾಮಾನ ಬದಲಾಗಿ ಉಣುಗು ಹರಡುವ ರೋಗಗಳು ಯುರೋಪಿನಲ್ಲೂ ಹೊಸ ಜಾಗಗಳಿಗೆ ಹೋಗುತ್ತಿವೆ ಅಂತ ಅವನೇ ಮರುದಿನ ಸಮರ್ಥನೆ ಹುಡುಕಿ ತಂದ.

ಈ ಮೇಜಿಗೆ ಬರಲು ಎಷ್ಟು ಖರ್ಚು ಅನ್ನೋದನ್ನೂ ಹೇಳಬೇಕು. ವಿದೇಶಿ ವಿದ್ಯಾರ್ಥಿಗಳು ಬ್ರಿಟನ್ನಿಗೆ ವೀಸಾ ಪಡೆಯುವಾಗಲೇ ಆರೋಗ್ಯ ಸರ್‌ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಆರೋಗ್ಯ ಎಲ್ಲರ ಹಕ್ಕು ಅಂತ ಓದೋಕೆ ಬಂದವರೂ ಕಟ್ಟಬೇಕು! 2024ರ ಜನವರಿಯಿಂದ ಇಂಥ ಮಾಸ್ಟರ್ಸ್ ಓದೋರು ಮಕ್ಕಳನ್ನು ಕರೆತರುವಂತಿಲ್ಲ. ಘಾನಾದ ಅಕ್ಕನ ಇಬ್ಬರು ಮಕ್ಕಳು ಅಜ್ಜಿಯ ಬಳಿ ಇದ್ದಾರೆ. ನಮ್ಮ ಕಡೆಯಿಂದ ಬರೋರು ಬಹುತೇಕ ಇಂಗ್ಲಿಷ್ ಮೀಡಿಯಂ ಡಾಕ್ಟರುಗಳು, ಅಪ್ಪನ ಮನೆಪತ್ರ ಬ್ಯಾಂಕಿನಲ್ಲಿಟ್ಟವರು. ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ‘ಪ್ರಬುದ್ಧ’ ವಿದ್ಯಾರ್ಥಿವೇತನ ಇದೆ. ಈ ವಿಷಯ ಓದಲು ಇನ್ನಷ್ಟು ಜನ ಅದನ್ನು ಬಳಸಿ ಬರಬೇಕು, ಯಾಕಂದ್ರೆ ‘ಭಾರತದ ಅನುಭವ’ ಅಂತ ಇಲ್ಲಿ ಮಾತಾಡೋದು ಭಾರತದ ಒಂದು ಸಣ್ಣ ಮೂಲೆ. ಸ್ಲೈಡುಗಳಲ್ಲಿ ಆಶಾ ಅಂದರೆ ಯಶೋಗಾಥೆ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟ ಮಾದರಿ. 2025ರ ಜನವರಿಯ ಚಳಿಯಲ್ಲಿ ನಿಶ್ಚಿತ ಗೌರವಧನ ಕೇಳಿ ಅದೇ ಆಶಾಗಳು ಫ್ರೀಡಂ ಪಾರ್ಕಿನಲ್ಲಿ ಮಲಗಿದ್ದು ಸ್ಲೈಡಿನಲ್ಲಿರಲಿಲ್ಲ. ನಮ್ಮ ಹಳದಿ ಜಾಗದಲ್ಲಿ ಕೊನೆಗೆ ಅದನ್ನೇ ಬರೆದೆ.

ಅಣಕು ಮಾತುಕತೆ ಎರಡು ದಿನ ನಡೆಯಿತು. ನನ್ನ ಉಪವಿಧಿ ‘ತಕ್ಕದ್ದು’ ಹೋಗಿ ‘ಪರಿಗಣಿಸಬಹುದು’ ಆಗಿ ಉಳಿಯಿತು. ಅಕ್ಕ ಬರೆದ ಮೂರನೇ ವಿಧಿಯಲ್ಲಿ ಒಂದು ಸಾಲಿತ್ತು: ಹಂಚಿಕೆಗೆ ಮೀಸಲಾದ ಲಸಿಕೆಯ ರಫ್ತನ್ನು ಯಾವ ದೇಶವೂ ತಡೆಯತಕ್ಕದ್ದಲ್ಲ. ಯುರೋಪಿನ ಹೆಸರಿನಲ್ಲಿ ಅದನ್ನು ಮಂಡಿಸಿದ ಕೂಡಲೇ ಭಾರತದ ಪಾತ್ರದಲ್ಲಿದ್ದ ನಾರ್ವೆಯವರು ಎದ್ದರು. 2021ರ ಮಾರ್ಚಿನಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಎರಡೂವರೆ ಲಕ್ಷ ಡೋಸ್ ಆಸ್ಟ್ರಾಜೆನೆಕಾ ಲಸಿಕೆಯನ್ನು ಇಟಲಿ ತಡೆಹಿಡಿದದ್ದನ್ನು ನೆನಪಿಸಿದರು. ಆಮೇಲೆ ಅಧ್ಯಕ್ಷ ಸ್ಥಾನದಲ್ಲಿದ್ದ ಮೇಷ್ಟ್ರು, ನಿಜವಾದ ಯುರೋಪ್ ಇದಕ್ಕೆ ಒಪ್ಪುತ್ತಿತ್ತಾ ಅಂತ ನಮ್ಮನ್ನೇ ಕೇಳಿದರು. ಪಾತ್ರಕ್ಕೆ ನಿಷ್ಠೆಯಾಗಿ ಹೇಳೋದಾದರೆ ಇಲ್ಲ. ಭಾರತವೂ ಒಪ್ಪುತ್ತಿರಲಿಲ್ಲ. ಇಡೀ ಎರಡು ದಿನದಲ್ಲಿ ಆ ಎರಡು ಮೇಜುಗಳು ಒಂದೇ ಕಡೆ ಬಂದದ್ದು ಆಗ ಮಾತ್ರ. ಆ ಸಾಲಿಗೆ ಚೌಕ ಆವರಣ ಬಿತ್ತು. ಸಂಜೆ ಆರಕ್ಕೆ ಸಭೆ ಮುಗಿದಾಗಲೂ ಅದು ಹಾಗೇ ಇತ್ತು.